ಲಕ್ಕವ್ವನ ಹೆಬ್ಬಾತುಗಳು ಮತ್ತು ನಾನು ಹೇಳಿದ ಹಿಂಡಿ

ಹೆಬ್ಬಾತುಗಳ ಬಗ್ಗೆ ನಮ್ಮ ತರಬೇತಿಯಲ್ಲಿ ಒಂದು ಸಾಲೂ ಇರಲಿಲ್ಲ. ಆಕಳು ಎಮ್ಮೆಗಳಿಗೆ ತಿಂಗಳುಗಟ್ಟಲೆ ಪಾಠ, ಕುರಿ ಆಡುಗಳಿಗೆ ಒಂದು ವಾರ, ಕೋಳಿಗೆ ಎರಡು ದಿನ. ಬಾತು ಎಂಬ ಹಕ್ಕಿ ಕೋಳಿಯ ಪಾಠದ ಕೊನೆಗೆ ಒಂದು ಮಾತಿನಲ್ಲಿ ಬಂದು ಹೋಯಿತು. ಹೀಗಿದ್ದೂ ಇಡೀ ನೌಕರಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಕುಲಗೋಡದ ಕಾಲುವೆ ದಂಡೆಯ ಮೇಲಿದ್ದ ಒಂದು ಹಿಂಡು ಹೆಬ್ಬಾತುಗಳು. ಕಲಿಸಿದವು ಅನ್ನುವುದು ಮೆತ್ತಗಿನ ಮಾತು. ಅವುಗಳಲ್ಲಿ ಹೆಚ್ಚಿನವು ನನ್ನ ಮಾತು ಕೇಳಿ ಸತ್ತವು.

ಪಶುಸಂಗೋಪನಾ ಇಲಾಖೆಗೆ ಈಗ ಹೊಸದಾಗಿ ಸೇರುವವರು ಆಗೀಗ ನನ್ನ ಮನೆಗೆ ಬರುತ್ತಾರೆ. ಯಾವ ಕಾಯಿಲೆಗೆ ಯಾವ ಚುಚ್ಚುಮದ್ದು ಎಂದು ಕೇಳುವುದಿಲ್ಲ. ಅದೆಲ್ಲ ಅವರ ಫೋನಿನಲ್ಲೇ ಇದೆ. ಹಳ್ಳಿಯಲ್ಲಿ ಹೇಗೆ ನಡೆದುಕೊಳ್ಳಬೇಕು, ಏನು ನೋಡಬೇಕು ಎಂದು ಕೇಳುತ್ತಾರೆ. ಅವರಿಗೆ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಸುದ್ದಿಯನ್ನು ಬಿಟ್ಟಿದ್ದೇನೆ. ಅವು ಸೇವಾ ಪುಸ್ತಕದಲ್ಲಿವೆ, ಯಾರಿಗೂ ಉಪಯೋಗವಿಲ್ಲ.

ನನ್ನ ಮೊದಲ ನೇಮಕ ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯ ದನದ ದವಾಖಾನೆಗೆ. ಹುದ್ದೆ ಪರೀಕ್ಷಕನದು. ಪದವಿ ಪಡೆದ ವೈದ್ಯರ ಕೈಕೆಳಗೆ ಲಸಿಕೆ ಹಾಕುವುದು, ಗಾಯ ಕಟ್ಟುವುದು, ಹಳ್ಳಿ ತಿರುಗುವುದು ನನ್ನ ಕೆಲಸ. ಊರವರಿಗೆ ಮಾತ್ರ ನಾವೂ ಡಾಕ್ಟರೇ. ಈ ಗೌರವ ಎಷ್ಟು ಅಪಾಯದ್ದು ಎಂದು ಆಗ ನನಗೆ ತಿಳಿದಿರಲಿಲ್ಲ.

ಅಲ್ಲಿ ನನ್ನ ಮೇಲಧಿಕಾರಿ ಮುನವಳ್ಳಿ ಡಾಕ್ಟರು. ಗೋಕಾಕ ಫಾಲ್ಸ್‌ನಲ್ಲಿ ಬೆಳೆದವರು. ಅವರ ತಂದೆ ಅಲ್ಲಿನ ಗಿರಣಿಯಲ್ಲಿ ಅರಳೆ ಬಿಚ್ಚುವ ಕೆಲಸದಲ್ಲಿದ್ದರು. ಅರಳೆಯ ಗಂಟಿನೊಳಗೆ ಮೊಣಕೈವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿ ನಿಂತು, ಒಳಗೆ ಹಸಿ ಇದೆಯೋ ಇಲ್ಲವೋ ಹೇಳುತ್ತಿದ್ದರಂತೆ. ಮಗನಿಗೆ ಆ ಅಭ್ಯಾಸ ಹಾಗೇ ಇಳಿದು ಬಂದಿತ್ತು. ಕಾಯಿಲೆ ಬಿದ್ದ ದನ ನೋಡಲು ಕರೆದರೆ ಡಾಕ್ಟರು ಕೊಟ್ಟಿಗೆಗೆ ಹೋಗುವ ಮೊದಲು ಮೇವು, ಹಿಂಡಿ ಇಟ್ಟ ಕೋಣೆಗೆ ಹೋಗುತ್ತಿದ್ದರು. ಚೀಲದ ಬಾಯಿ ಬಿಚ್ಚಿ ತಳದವರೆಗೆ ಕೈ ಇಳಿಸುತ್ತಿದ್ದರು. ಮನೆಯವರಿಗೆ ಇದು ವಿಚಿತ್ರವಾಗಿ ಕಾಣುತ್ತಿತ್ತು. ನನಗೂ ಅಷ್ಟೆ.

ಒಂದು ಸಲ ಒಬ್ಬ ರೈತರ ಎಮ್ಮೆ ನೆಲ ಹಿಡಿದಿತ್ತು. ನಾನು ಮೊದಲೇ ಹೋಗಿದ್ದೆ. ಕರು ಹಾಕಿ ಹೆಚ್ಚು ದಿನ ಆಗಿರಲಿಲ್ಲವಾದ್ದರಿಂದ ಸುಣ್ಣದ ಅಂಶ ಕಡಿಮೆಯಾಗಿದೆ ಎಂದು ತೀರ್ಮಾನಿಸಿ ಅದಕ್ಕೆ ಬೇಕಾದ ಬಾಟಲಿ ಏರಿಸಲು ತಯಾರಿ ನಡೆಸಿದ್ದೆ. ಡಾಕ್ಟರು ಬಂದವರೇ ಒಳಕೋಣೆಗೆ ಹೋದರು. ಗೋವಿನಜೋಳದ, ಅಂದರೆ ಮೆಕ್ಕೆಜೋಳದ, ಹಿಟ್ಟಿನ ಡಬ್ಬಿ ಅಡ್ಡ ಬಿದ್ದಿತ್ತು, ತಳ ಕಾಣುತ್ತಿತ್ತು. ಮುಂಜಾನೆ ಎಮ್ಮೆ ಹಗ್ಗ ಹರಿದುಕೊಂಡು ಒಳಗೆ ನುಗ್ಗಿದ್ದನ್ನು ಮನೆಯವರು ಹೇಳಿರಲಿಲ್ಲ; ನಾನು ಕೇಳಿರಲಿಲ್ಲ. ಹೊಟ್ಟೆಯಲ್ಲಿ ಹಿಟ್ಟು ಹುಳಿಯಾಗಿತ್ತು. ಡಾಕ್ಟರು ಅಡಿಗೆ ಸೋಡಾ ಕಲಸಿದ ನೀರು ಕುಡಿಸಿ ಸಂಜೆಯವರೆಗೆ ಅಲ್ಲೇ ಕುಳಿತರು. ಎಮ್ಮೆ ಎದ್ದಿತು. ಹೊರಡುವಾಗ ಅವರು ನನಗೆ ಹೇಳಿದ್ದು ಇಷ್ಟೆ: "ಬಡಿಗೇರ, ಮೊದಲ ಚೀಲ ನೋಡು. ಆಮ್ಯಾಲ ದನ ನೋಡು."

ಈ ಮಾತನ್ನು ನಾನು ಎಷ್ಟೋ ಮಂದಿಗೆ ಹೇಳಿದೆ. ಕೇಳಿದವರು ತಲೆದೂಗಿದರು. ಹೇಳುವುದು ಬೇರೆ, ಚೀಲದೊಳಗೆ ಕೈ ಹಾಕುವುದು ಬೇರೆ.

ಕೆಲವು ವರ್ಷಗಳ ನಂತರ ನನಗೆ ಮೂಡಲಗಿ ಭಾಗಕ್ಕೆ ವರ್ಗವಾಯಿತು. ಆಗ ಮೂಡಲಗಿ ಇನ್ನೂ ಗೋಕಾಕ ತಾಲೂಕಿನಲ್ಲೇ ಇತ್ತು. ಕುಲಗೋಡ, ಕೌಜಲಗಿ, ಸುತ್ತಲಿನ ಹಳ್ಳಿಗಳು ನನ್ನ ಪಾಲಿಗೆ ಬಂದವು. ನೀರಾವರಿಯ ನಾಡು. ಎಲ್ಲಿ ನೋಡಿದರೂ ಕಬ್ಬು, ಗೋವಿನಜೋಳ. ಸಣ್ಣ ಪುಟ್ಟ ಗಿರಣಿಗಳೂ ಬಹಳ. ಗೋವಿನಜೋಳ ಒಡೆದರೆ ತೌಡು, ತೊಗರಿ ಬೇಳೆ ಮಾಡಿದರೆ ಹೊಟ್ಟು ಮತ್ತು ಚುನ್ನಿ ಎಂಬ ಬೇಳೆ ನುಚ್ಚು, ಶೇಂಗಾದ ಎಣ್ಣೆ ತೆಗೆದರೆ ಹಿಂಡಿ. ಮನುಷ್ಯ ತನಗೆ ಬೇಕಾದದ್ದನ್ನು ತೆಗೆದುಕೊಂಡ ಮೇಲೆ ಉಳಿಯುವುದು ದನದ ಪಾಲು. ಆ ಉಳಿಕೆಯನ್ನು ಲೆಕ್ಕಾಚಾರದಿಂದ ಬಳಸಿದರೆ ಬಡವರ ಮನೆಯ ಪ್ರಾಣಿಯೂ ಹೊಟ್ಟೆತುಂಬ ತಿನ್ನುತ್ತದೆ ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹೋದಲ್ಲೆಲ್ಲ ಅದನ್ನೇ ಹೇಳುತ್ತಿದ್ದೆ. ಜನ ನನಗೆ ಹಿಂಡಿ ಡಾಕ್ಟರ ಎಂದು ಹೆಸರಿಟ್ಟರು. ನನಗದು ಸಂತೋಷವೇ ಆಗಿತ್ತು.

ಲಕ್ಕವ್ವನವರನ್ನು ನಾನು ನೋಡಿದ್ದು ಅಲ್ಲಿಯೇ. ಕುರುಬರ ಮನೆತನ. ಗಂಡ ಸಿದ್ದಪ್ಪನವರು ಕುರಿ ಹಿಂಡಿನ ಹಿಂದೆ ವರ್ಷದ ಅರ್ಧ ಭಾಗ ಊರೂರು ತಿರುಗಿದವರು. ಮೊಣಕಾಲು ಸೋತ ಮೇಲೆ ಕುರಿ ಮಾರಿ ಕಾಲುವೆಯ ಮಗ್ಗುಲಿನ ಸಣ್ಣ ಹೊಲದಲ್ಲಿ ನೆಲೆ ನಿಂತಿದ್ದರು. ಲಕ್ಕವ್ವನವರ ತಂಗಿ ಹೊಲದ ಮನೆಗೆ ಕಾವಲಿಗಿರಲಿ, ಹಾವು ಬಂದರೆ ಕೂಗುತ್ತವೆ ಎಂದು ಒಂದು ಜೋಡಿ ಹೆಬ್ಬಾತು ಕೊಟ್ಟಿದ್ದರು. ನಮ್ಮ ಕಡೆ ಬಾತುಕೋಳಿಗೆ ಬದಕ ಅನ್ನುತ್ತಾರೆ. ಉದ್ದ ಕುತ್ತಿಗೆಯ ಈ ಹಕ್ಕಿಗೆ ದೊಡ್ಡ ಬದಕ. ಜೋಡಿ ಹೆಚ್ಚಿ ಹಿಂಡಾಯಿತು. ತೋಟದ ಮನೆಯವರು ಕಾವಲಿಗೆಂದು ಕೇಳಿಕೊಂಡು ಬರತೊಡಗಿದರು. ಹೀಗೆ ಕುರಿಯ ಸಂಸಾರ ಹೆಬ್ಬಾತಿನ ಸಂಸಾರವಾಯಿತು.

ನಾನು ಮೊದಲ ಬಾರಿ ಹೋದಾಗ ಲಕ್ಕವ್ವ ಅವುಗಳನ್ನು ಕಾಲುವೆಯ ದಂಡೆಯ ಮೇಲೆ ಮೇಯಿಸುತ್ತಿದ್ದರು. ಕೈಯಲ್ಲಿ ಜೋಳದ ದಂಟು. ಕುರಿಗೆ ಕೂಗುವ ಕೂಗನ್ನೇ ಕೂಗುತ್ತಿದ್ದರು, ಅವೂ ತಿರುಗುತ್ತಿದ್ದವು. ಹೆಬ್ಬಾತು ಹುಲ್ಲು ಮೇಯುವ ಹಕ್ಕಿ. ಕಬ್ಬಿನ ಸಾಲುಗಳ ನಡುವಿನ ಹುಲ್ಲನ್ನು ಅವು ಕತ್ತರಿಸಿದ ಹಾಗೆ ಮೇಯ್ದು ಬರುತ್ತಿದ್ದುದರಿಂದ ಅಕ್ಕಪಕ್ಕದ ರೈತರು ಕರೆದು ಬಿಡಿಸಿಕೊಳ್ಳುತ್ತಿದ್ದರು.

ಆಮೇಲೆ ಕಳೆ ಸಾಯಿಸುವ ಔಷಧಿ ಬಂತು. ಒಬ್ಬರು ಹೊಡೆದರು, ನೋಡಿ ಇನ್ನೊಬ್ಬರು ಹೊಡೆದರು. ಎರಡು ಹಂಗಾಮಿನೊಳಗೆ ಕಬ್ಬಿನ ಸಾಲುಗಳಲ್ಲಿ ಹುಲ್ಲೇ ಇಲ್ಲದಂತಾಯಿತು. ಇದ್ದ ಕಡೆಯೂ ಮೇಯಿಸಲು ಹೆದರಿಕೆ. ಲಕ್ಕವ್ವ ದವಾಖಾನೆಗೆ ಬಂದು, ಇಷ್ಟೊಂದು ಹಕ್ಕಿಗೆ ಏನು ಹಾಕಲಿ ಎಂದು ಕೇಳಿದರು. ಕಾಯುತ್ತಿದ್ದವನಂತೆ ನಾನು ಉತ್ತರ ಕೊಟ್ಟೆ. ನಾಲ್ಕು ಬೊಗಸೆ ಗೋವಿನಜೋಳದ ತೌಡು, ಎರಡು ಬೊಗಸೆ ತೊಗರಿ ಚುನ್ನಿ, ಎರಡು ಬೊಗಸೆ ಶೇಂಗಾ ಹಿಂಡಿಯ ಪುಡಿ, ಸ್ವಲ್ಪ ಸುಣ್ಣದ ಕಲ್ಲಿನ ಪುಡಿ, ಚಿಟಿಕೆ ಉಪ್ಪು. ಇದನ್ನು ನಾನು ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. ಕೋಳಿಯ ಲೆಕ್ಕವನ್ನು ದನದ ಲೆಕ್ಕದ ಜೊತೆ ಕೂಡಿಸಿ ನಾನೇ ಮಾಡಿಕೊಂಡಿದ್ದೆ.

ಅದು ಫಲ ಕೊಟ್ಟಿತು ಅನ್ನುವುದನ್ನೂ ಹೇಳಬೇಕು. ಹಕ್ಕಿಗಳ ತೂಕ ಏರಿತು, ರೆಕ್ಕೆ ಹೊಳೆಯಿತು, ಮೊಟ್ಟೆ ಹೆಚ್ಚಿದವು. ನಾನು ಫೋಟೋ ತೆಗೆದೆ. ಗೋಕಾಕದಲ್ಲಿ ನಮ್ಮ ಸಿಬ್ಬಂದಿಯ ಸಭೆ ನಡೆದಾಗ ಎದ್ದು ನಿಂತು ಮಾತಾಡಿದೆ. ಮೇಲಿನವರು ಮೆಚ್ಚಿ ನನ್ನ ಲೆಕ್ಕವನ್ನು ಒಂದು ಕೈಪತ್ರದಲ್ಲಿ ಅಚ್ಚು ಹಾಕಿಸಿದರು. ಬಾತು, ಹೆಬ್ಬಾತು ಸಾಕುವ ಹದಿನಾಲ್ಕು ಮನೆಗಳಿಗೆ ನಾನೇ ಹಂಚಿ ಬಂದೆ.

ಮಾರನೇ ವರ್ಷ ಮಳೆಗಾಲ ಉದ್ದವಾಯಿತು. ದಿನಗಟ್ಟಲೆ ಬಿಸಿಲಿಲ್ಲ. ಲಕ್ಕವ್ವನವರ ಮನೆಯಲ್ಲಿ ಹಕ್ಕಿಗಳು ಆ ವರ್ಷ ಎರಡನೇ ಸಲ ಕಾವಿಗೆ ಕೂತು ಮರಿ ಮಾಡಿದ್ದವು. ಮೂವತ್ತೊಂದು ಮರಿ. ಒಂದು ಮುಂಜಾನೆ ನಾನು ಲಸಿಕೆಯ ಡಬ್ಬಿ ಹಿಡಿದು ಕೌಜಲಗಿಯ ಕಡೆ ಹೊರಟಾಗ ಅವರು ರಸ್ತೆಗೆ ಬಂದು ಕೈ ಮಾಡಿ ನಿಲ್ಲಿಸಿದರು.

"ಸಾಹೇಬ್ರ, ಎಂಟ ದಿನಾತು, ದೊಡ್ಡವು ಹಿಂಡಿ ಮುಟ್ಟವಲ್ವು. ತೌಡ ತಿಂದು ಹಿಂಡಿ ಬಾಜೂಕ ಸರಸ್ತಾವ. ಹಿಂಡಿ ಬಿಡಸೂಣೇನ್ರಿ?"

ನಾನು ಗಾಡಿಯಿಂದ ಇಳಿಯಲಿಲ್ಲ. ಇಂಜಿನ್ನೂ ಆರಿಸಲಿಲ್ಲ.

"ಬಿಡಸಬ್ಯಾಡ್ರಿ ಅಕ್ಕಾ, ತಾಕತ್ತೆಲ್ಲಾ ಅದರಾಗ ಐತಿ. ನೀರ ಹಾಕಿ ತೌಡಿನ ಕೂಡ ಕಲಸ್ರಿ, ಹುಲ್ಲ ಸಣ್ಣಗ ಹೆಚ್ಚಿ ಹಾಕ್ರಿ. ಉಂಡಿ ಮಾಡಿ ಇಡ್ರಿ. ಅವಕ್ಕ ಆರಸಾಕ ಬರಾಂಗಿಲ್ಲ."

ಅವರು ಸರಿ ಎಂದು ತಲೆಯಾಡಿಸಿದರು. ನಾನು ಹೋದೆ. ಎರಡು ನಿಮಿಷದ ಮಾತು.

ದೊಡ್ಡ ಹಕ್ಕಿಗಳು ಆ ಉಂಡೆಯನ್ನೂ ಎರಡು ದಿನ ಮುಟ್ಟಲಿಲ್ಲವಂತೆ, ಹಸಿದೇ ನಿಂತಿದ್ದವಂತೆ. ಮೂರನೇ ದಿನ ಹಸಿವು ತಡೆಯದೆ ತಿಂದವು. ಮರಿಗಳಿಗೆ ಆ ವಿವೇಚನೆ ಇರಲಿಲ್ಲ. ಮೊದಲ ದಿನದಿಂದಲೇ ತಿಂದವು.

ಹತ್ತು ಹನ್ನೆರಡು ದಿನಕ್ಕೆ ಕರೆ ಬಂತು. ಮರಿಗಳು ಕುಂಟುತ್ತಿದ್ದವು. ಕಾಲು, ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಪುಕ್ಕ ಉದುರುತ್ತಿತ್ತು. ಸಾಯುವ ಮೊದಲು ಕುತ್ತಿಗೆ ಬಿಲ್ಲಿನಂತೆ ಹಿಂದಕ್ಕೆ ಬಾಗಿ ತಲೆ ಬೆನ್ನಿಗೆ ಹತ್ತುತ್ತಿತ್ತು. ನಾನು ನೋಡುತ್ತಿದ್ದ ಹಾಗೆ ಎರಡು ಸತ್ತವು. ಅಂಟುರೋಗ ಎಂದುಕೊಂಡೆ. ಕಾಯಿಲೆಯವನ್ನು ಬೇರೆ ಮಾಡಿಸಿದೆ, ಗೂಡಿಗೆ ಸುಣ್ಣ ಹಾಕಿಸಿದೆ, ನೀರಿನಲ್ಲಿ ಔಷಧಿ ಕಲಸಿಕೊಟ್ಟೆ. ಹೊರಡುವ ಮುಂದೆ ಇನ್ನೊಂದು ಮಾತು ಹೇಳಿದೆ. ನಿತ್ರಾಣವಾಗಿವೆ, ಹಿಂಡಿ ಸ್ವಲ್ಪ ಹೆಚ್ಚಿಗೆ ಹಾಕಿರಿ ಅಂದೆ.

ನಾಲ್ಕು ದಿನಗಳಲ್ಲಿ ಇಪ್ಪತ್ತು ಮರಿ ಹೋದವು. ದೊಡ್ಡವುಗಳಲ್ಲೂ ಐದು ಸತ್ತವು. ಪಕ್ಕದ ಹೊಲದವರು ದೃಷ್ಟಿಯಾಗಿದೆ ಅಂದರು. ಊರಿನ ಕೋಳಿ ಸಾಕುವವರೊಬ್ಬರು, ಈ ರೋಗ ನಮ್ಮ ಕೋಳಿಗೂ ಬರುತ್ತದೆ, ಎಲ್ಲವನ್ನೂ ಮಣ್ಣು ಮಾಡಿಸಿ ಎಂದು ದವಾಖಾನೆಗೆ ಬಂದು ಜಗಳ ತೆಗೆದರು. ನನಗೆ ದಿಕ್ಕು ತೋಚಲಿಲ್ಲ. ಮುನವಳ್ಳಿ ಡಾಕ್ಟರು ಆಗ ಗೋಕಾಕದಲ್ಲಿ ನಮಗೆಲ್ಲ ಹಿರಿಯ ಅಧಿಕಾರಿಯಾಗಿದ್ದರು. ಫೋನು ಮಾಡಿದೆ. ಮಧ್ಯಾಹ್ನದೊಳಗೆ ಬಂದರು.

ಕಾಲುವೆಯ ದಂಡೆಯ ಜಾಲಿ ಮರದ ಕೆಳಗೆ ಗೋಣಿತಟ್ಟು ಹಾಸಿ ಸತ್ತ ಮರಿಯೊಂದನ್ನು ಕೊಯ್ದರು. ಆರೋಗ್ಯವಂತ ಹಕ್ಕಿಯ ಯಕೃತ್ತು ಕಡುಗೆಂಪಾಗಿರಬೇಕು. ಅದು ಅರಿಶಿನದ ನೀರಿನಲ್ಲಿ ಅದ್ದಿ ತೆಗೆದ ಹಾಗೆ ಹಳದಿಯಾಗಿ ಊದಿಕೊಂಡಿತ್ತು. ಡಾಕ್ಟರು ಕೈ ತೊಳೆದು ಒಳಗೆ ಹೋದರು. ಹಿಂಡಿಯ ಚೀಲ ಗೋಡೆಗೆ ಆತುಕೊಂಡು ನಿಂತಿತ್ತು. ಬಾಯಿ ಬಿಚ್ಚಿ, ತೋಳು ಪೂರ್ತಿ ಇಳಿಸಿ, ಸುಮಾರು ಹೊತ್ತು ಹಾಗೇ ನಿಂತರು. ನಂತರ ಪಕ್ಕಕ್ಕೆ ಸರಿದು ನನಗೆ ಕೈ ಹಾಕುವಂತೆ ಸನ್ನೆ ಮಾಡಿದರು.

ಮೇಲೆ ತಣ್ಣಗಿತ್ತು. ನಡುವೆ, ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ಕೈ ಇಟ್ಟಷ್ಟು ಬೆಚ್ಚಗಿತ್ತು. ಒಂದು ಗಟ್ಟಿ ಹೆಂಟೆ ತೆಗೆದು ಮುರಿದೆ. ಒಳಗೆ ಹಸಿರು ಧೂಳಿನಂಥ ಬೂಷ್ಟು. ಶೇಂಗಾ ಹಿಂಡಿ ಹಸಿ ಹಿಡಿದರೆ ಬರುವ ಬೂಷ್ಟು ವಿಷ ಬಿಡುತ್ತದೆ. ದನಕ್ಕೆ ಅದು ನಿಧಾನವಾಗಿ ತಗಲುತ್ತದೆ. ಬಾತು, ಹೆಬ್ಬಾತಿನ ಮರಿಗೆ ಅದಕ್ಕಿಂತ ಬೇಗ ತಗಲುವ ವಿಷ ಇನ್ನೊಂದಿಲ್ಲ. ಇದು ನನಗೆ ಗೊತ್ತಿರಬೇಕಾಗಿತ್ತು. ಹಕ್ಕಿಗಳಿಗೆ ಗೊತ್ತಾಗಿತ್ತು.

ಡಾಕ್ಟರು ಹೊರಗೆ ಬಂದು ಲಕ್ಕವ್ವನವರನ್ನು ಕೇಳಿದರು. "ಈ ಹಿಂಡಿ ಕಲಸಿ ಹಾಕ್ರಿ ಅಂತ ಯಾರ ಹೇಳಿದ್ರು?"

ಲಕ್ಕವ್ವ ನನ್ನ ಕಡೆ ನೋಡಲಿಲ್ಲ. "ಯಾರೂ ಇಲ್ರಿ. ನಾವ ಹಾಕೀವಿ. ಕುರಿಗಿ ಹಾಕಿದ ರೂಢಿ ಇತ್ತು."

ಸಿದ್ದಪ್ಪನವರು ಒಮ್ಮೆ ನನ್ನ ಮುಖ ನೋಡಿ ಕಣ್ಣು ಕೆಳಗೆ ಮಾಡಿದರು. ನಾನು ಕಾಲುವೆಯ ನೀರು ನೋಡುತ್ತ ನಿಂತೆ. ಒಂದು ಮಾತು ಸಾಕಿತ್ತು. ಡಾಕ್ಟರು ಚೀಟಿಯಲ್ಲಿ ಏನೋ ಬರೆದುಕೊಂಡರು. ಹಿಂಡಿಯನ್ನು ಗುಂಡಿ ತೋಡಿ ಹೂಳಿಸಿದರು. ಉಳಿದ ಹಕ್ಕಿಗಳಿಗೆ ಹಸಿ ಹುಲ್ಲು, ಒಡೆದ ಜೋಳ ಬಿಟ್ಟು ಬೇರೇನೂ ಹಾಕಬೇಡಿ ಅಂದರು. ಗಾಡಿಯ ಮೇಲೆ ನನ್ನ ಹಿಂದೆ ಕೂತು ದವಾಖಾನೆಯವರೆಗೆ ಬಂದರು.

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ನಾನು ಗೋಕಾಕಕ್ಕೆ ಹೋದೆ. ಡಾಕ್ಟರು ಕಚೇರಿಯಲ್ಲಿ ಒಬ್ಬರೇ ಇದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ರಸ್ತೆಯಲ್ಲಿ ಲಕ್ಕವ್ವ ಕೇಳಿದ್ದು, ನಾನು ಗಾಡಿಯಿಂದ ಇಳಿಯದಿದ್ದದ್ದು, ಉಂಡೆ ಮಾಡಿ ಹಾಕಿ ಅಂದದ್ದು, ಮರಿ ಸಾಯುವಾಗಲೂ ಹೆಚ್ಚಿಗೆ ಹಾಕಿ ಅಂದದ್ದು.

"ನನಗ ಅಲ್ಲೇ ಗೊತ್ತಾತು," ಅಂದರು. "ನೀ ಯಾವಾಗ ಬರ್ತಿ ಅಂತ ಕಾಯಾಕತ್ತಿದ್ದೆ."

ಮೇಜಿನ ಮೇಲೆ ಮರಣೋತ್ತರ ವರದಿಯ ಹಾಳೆ ಇತ್ತು. ಕಾರಣ ಎಂಬಲ್ಲಿ ಖಾಲಿ ಬಿಟ್ಟಿದ್ದರು. ಪೆನ್ನನ್ನು ನನ್ನ ಕಡೆ ಸರಿಸಿದರು. ಬೂಷ್ಟು ಹಿಡಿದ ಹಿಂಡಿ, ಪರೀಕ್ಷಕರ ಸಲಹೆಯ ಮೇರೆಗೆ ನೀಡಲಾಗಿದೆ ಎಂದು ಬರೆದೆ. ಅದರಿಂದ ನನಗೆ ಬಂದ ನೋಟಿಸು, ವಿಚಾರಣೆ ಇವುಗಳ ಕಥೆ ಬೇಡ, ಆಗಬೇಕಾದ್ದು ಆಯಿತು. ಹೊರಡುವಾಗ ಡಾಕ್ಟರು ಕೇಳಿದರು, ಕೈಪತ್ರ ಎಷ್ಟು ಮನೆಗೆ ಕೊಟ್ಟಿದ್ದಿ ಎಂದು. ಹದಿನಾಲ್ಕು ಅಂದೆ. ಅಷ್ಟೂ ಮನೆಗೆ ಇಂದೇ ಹೋಗು ಅಂದರು.

ಎರಡು ದಿನ ಹಿಡಿಯಿತು. ಐದು ಮನೆಗಳಲ್ಲಿ ಶೇಂಗಾ ಹಿಂಡಿ ಮುಗಿದಿತ್ತು, ಆರರಲ್ಲಿ ಒಣಗಿದ್ದೇ ಇತ್ತು. ಎರಡು ಮನೆಗಳಲ್ಲಿ ಚೀಲ ಬೆಚ್ಚಗಾಗಿತ್ತು, ಒಂದರಲ್ಲಿ ಆಗಲೇ ಬಾತಿನ ಮರಿಗಳು ಕುಂಟತೊಡಗಿದ್ದವು. ಕೌಜಲಗಿಯಲ್ಲಿ ಒಬ್ಬ ಹಿರಿಯರು ಹಿಂಡಿ ಬಿಡಿಸಲು ಒಪ್ಪಲೇ ಇಲ್ಲ. ಕೈಪತ್ರವನ್ನು ಮಡಿಕೆ ಹಾಕಿ ದೇವರ ಮಾಡದಲ್ಲಿಟ್ಟಿದ್ದರು. ಅದನ್ನು ತಂದು ಬಿಡಿಸಿ ತೋರಿಸಿ, ಅಚ್ಚಾಗಿದ್ದು ಸುಳ್ಳಾಗುತ್ತದೆಯೇ ಎಂದು ಕೇಳಿದರು. ಬರೆದವನು ನಾನೇ, ತಪ್ಪು ಬರೆದಿದ್ದೇನೆ ಅಂದೆ. ಹಾಗಾದರೆ ಹೊಡೆದು ಹಾಕಿ ಸಹಿ ಮಾಡಿಕೊಡಿ ಅಂದರು. ಶೇಂಗಾ ಹಿಂಡಿಯ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ಹೆಸರು ಬರೆದು ಕೊಟ್ಟೆ. ಆಮೇಲೆ ಉಳಿದ ಮನೆಗಳಲ್ಲೂ ಯಾರೂ ಕೇಳದೆಯೇ ಹಾಗೆ ಮಾಡಿದೆ.

ಎಣ್ಣೆ ಗಾಣದವರ ಹತ್ತಿರವೂ ಹೋದೆ. ಅವರು ಮುಚ್ಚಿಡದೆ, ಮಳೆಗಾಲದಲ್ಲಿ ಹಿಂಡಿ ಬೆವರುತ್ತದೆ, ಕೊಂಡವರು ಬಿಸಿಲಿಗೆ ಹಾಕಬೇಕು ಅಂದರು. ಬಿಸಿಲು ಇಲ್ಲದ ವರ್ಷ ಏನು ಮಾಡಬೇಕು ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ.

ಹದಿನಾಲ್ಕನೆಯದು ಲಕ್ಕವ್ವನವರ ಮನೆ. ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೆ, ಧೈರ್ಯ ಇರಲಿಲ್ಲ. ಹೋದಾಗ ಅವರು ಹಿತ್ತಲಿನಲ್ಲಿ ಸತ್ತ ಮರಿಗಳನ್ನು ಹೂಳಿದ ಜಾಗಕ್ಕೆ ಮುಳ್ಳು ಹಾಕುತ್ತಿದ್ದರು, ನಾಯಿ ಕೆದರದಿರಲಿ ಎಂದು. ನಾನೂ ಮುಳ್ಳು ಎತ್ತಿ ಕೊಟ್ಟೆ. ಕೆಲಸ ಮುಗಿದ ಮೇಲೆ ಹೇಳಿದೆ. ತಪ್ಪು ನನ್ನದು, ವರದಿಯಲ್ಲಿ ಹಾಗೇ ಬರೆದು ಬಂದಿದ್ದೇನೆ, ಅಂದು ನೀವು ನನ್ನನ್ನು ಉಳಿಸಿದಿರಿ, ಆದರೆ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ನನ್ನ ಮೇಲಿನ ಪ್ರೀತಿಯಿಂದ ಅನ್ನುತ್ತಾರೆ ಎಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ಆಸೆಯಿತ್ತು.

"ನಿಮ್ಮ ಹೆಸರ ಹೇಳಿದ್ರ ನೀವ ಮತ್ತ ನಮ್ಮ ಹೊಲಕ್ಕ ಬರ್ತಿದ್ರೇನ್ರಿ?" ಅಂದರು. "ಇನ್ನೂ ಹನ್ನೊಂದ ಮರಿ ಜೀವ ಹಿಡದಾವ. ದೊಡ್ಡವು ಏಳ ಅದಾವ. ನಾಳಿ ಇವಕ್ಕೇನರ ಆದ್ರ ನಾವ ಯಾರನ್ನ ಕರೀಬೇಕ? ಈ ಕಡೆ ಇರಾವ್ರ ನೀವೊಬ್ಬರ."

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನನಗೆ ಅದು ಬೈಗುಳಕ್ಕಿಂತ ಭಾರವಾಯಿತು. ಅಷ್ಟು ವರ್ಷ ಜನ ನನ್ನ ಮಾತಿಗೆ ತಲೆಯಾಡಿಸಿದ್ದನ್ನು ನಾನು ನಂಬಿಕೆ ಎಂದುಕೊಂಡಿದ್ದೆ. ಅದರಲ್ಲಿ ಎಷ್ಟು ಪಾಲು ಬೇರೆ ದಾರಿಯಿಲ್ಲದ್ದು ಎಂದು ಎಂದೂ ಯೋಚಿಸಿರಲಿಲ್ಲ.

ಏನು ಮಾಡಲಿ ಎಂದು ಕೇಳಿದೆ. ಹುಲ್ಲು ಬೇಕು ಅಂದರು. ಔಷಧಿ ಬೀಳದ ಹುಲ್ಲು ದೂರದಲ್ಲಿದೆ, ಗಂಡನಿಗೆ ನಡೆಯಲು ಆಗುವುದಿಲ್ಲ, ತಾನು ಹಕ್ಕಿ ಬಿಟ್ಟು ಹೋಗುವ ಹಾಗಿಲ್ಲ.

ಮರುದಿನದಿಂದ ನಾನು ಬೆಳಗಾಗುತ್ತಲೇ ಕುಡುಗೋಲು ಹಿಡಿದು ಹಳ್ಳದ ಕಡೆ ಹೋಗುತ್ತಿದ್ದೆ. ಒಂದು ಹೊರೆ ಎಳೆ ಹುಲ್ಲು ಕೊಯ್ದು ಗಾಡಿಗೆ ಕಟ್ಟಿ ಅವರ ಹೊಲಕ್ಕೆ ಮುಟ್ಟಿಸಿ, ನಂತರ ದವಾಖಾನೆಗೆ. ಮೊದಲ ವಾರ ಕೈಯೆಲ್ಲ ಬೊಬ್ಬೆ. ದಾರಿಯಲ್ಲಿ ಜನ ನೋಡಿ ನಗುತ್ತಿದ್ದರು. ಕೆಲವರಿಗೆ ಕಾರಣ ಗೊತ್ತಿತ್ತು, ಅವರು ನಗಲಿಲ್ಲ. ಹನ್ನೊಂದರಲ್ಲಿ ಇನ್ನೂ ಐದು ಮರಿ ಸತ್ತವು. ದೊಡ್ಡವುಗಳಲ್ಲಿ ಮೂರು. ನಲವತ್ತು ದಿನ ಕಳೆದ ಮೇಲೆ ಆರು ಮರಿ, ನಾಲ್ಕು ದೊಡ್ಡವು ಉಳಿದವು. ಒಂದು ದಿನ ಹೊರೆ ಇಳಿಸುವಾಗ ಲಕ್ಕವ್ವ, ನಾಳೆಯಿಂದ ತರಬೇಡಿ, ದಂಡೆಯ ಮೇಲೆ ಹೊಸ ಹುಲ್ಲು ಚಿಗುರಿದೆ, ತಾವೇ ಮೇಯುತ್ತವೆ ಅಂದರು. ಆ ಹೊತ್ತಿಗೆ ನಾನು ಹಕ್ಕಿಗಳ ಬಗ್ಗೆ ಮಾತು ಕಡಿಮೆ ಮಾಡಿ, ನೋಡುವುದನ್ನು ಹೆಚ್ಚು ಮಾಡಿದ್ದೆ. ಯಾವ ಹುಲ್ಲನ್ನು ಮೊದಲು ಕಚ್ಚುತ್ತವೆ, ಯಾವುದನ್ನು ಬಿಡುತ್ತವೆ, ತಿಂದ ಮೇಲೆ ಎಷ್ಟು ನೀರು ಕುಡಿಯುತ್ತವೆ ಎಂಬುದನ್ನು ಆ ನಲವತ್ತು ದಿನಗಳಲ್ಲಿ ನೋಡಿದಷ್ಟು ಅದಕ್ಕೆ ಮುಂಚೆ ಯಾವ ಪ್ರಾಣಿಯನ್ನೂ ನೋಡಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಕೆಲಸದ ರೀತಿ ಬದಲಾಯಿತು. ಅನುಮಾನ ಬಂದ ಹಿಂಡಿಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವ ಏರ್ಪಾಡು ಬಂತು. ಗೋವಿನಜೋಳದ ಕಾಳು ಒಣಗಿದೆಯೋ ಎಂದು ನೋಡಲು ನಾನು ಮನೆಮನೆಗೆ ಒಂದು ಉಪಾಯ ಕಲಿಸಿದೆ: ಒಣಗಿದ ಗಾಜಿನ ಬಾಟಲಿಯಲ್ಲಿ ಕಾಳು, ಒಣ ಉಪ್ಪು ಹಾಕಿ ಅಲುಗಾಡಿಸಿ ಸ್ವಲ್ಪ ಹೊತ್ತು ಬಿಡುವುದು. ಉಪ್ಪು ಗಾಜಿಗೆ ಅಂಟಿದರೆ ಕಾಳು ಹಸಿಯಿದೆ, ಚೀಲಕ್ಕೆ ತುಂಬುವ ಹಾಗಿಲ್ಲ. ಚೀಲಗಳನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಇಡುವುದು ರೂಢಿಯಾಯಿತು. ಪಿಷ್ಟ ತೆಗೆದ ಗೋವಿನಜೋಳದ ಹಸಿ ಹೊಟ್ಟನ್ನು ತಂದ ದಿನವೇ ಮುಗಿಸಬೇಕು ಎಂದು ಹೇಳತೊಡಗಿದೆ. ಹಿಂದೆ ಮೂರು ದಿನ ಇಟ್ಟರೂ ನಡೆಯುತ್ತದೆ ಅನ್ನುತ್ತಿದ್ದೆ.

ಈಗ ಜನ ಕಾಯಿಲೆಯ ಪ್ರಾಣಿಯ ಫೋಟೋ ಕಳಿಸಿ ಔಷಧಿ ಕೇಳುತ್ತಾರೆ. ಹೊಸಬರಿಗೆ ಅದು ಅನುಕೂಲವೇ. ಆದರೆ ಚೀಲದೊಳಗಿನ ಬಿಸಿ ಫೋಟೋದಲ್ಲಿ ಬರುವುದಿಲ್ಲ. ದಯವಿಟ್ಟು ಹೋಗಿ, ಗಾಡಿಯಿಂದ ಇಳಿಯಿರಿ. ಮನೆಯಾಕೆ, ಪ್ರಾಣಿ ಇದನ್ನು ತಿನ್ನುತ್ತಿಲ್ಲ ಎಂದರೆ, ತಿನ್ನಿಸುವ ಉಪಾಯ ಹೇಳಬೇಡಿ. ಯಾಕೆ ತಿನ್ನುತ್ತಿಲ್ಲ ಎಂದು ಕೇಳಿ.

ನಾನು ನಿವೃತ್ತನಾಗುವ ವರ್ಷ ಮೂಡಲಗಿಯಲ್ಲಿ ಕೋಳಿ, ಬಾತು ಸಾಕುವ ಹೆಣ್ಣುಮಕ್ಕಳಿಗೆ ಒಂದು ದಿನದ ತರಬೇತಿ ಇಟ್ಟಿದ್ದೆವು. ಮುನವಳ್ಳಿ ಡಾಕ್ಟರು ಅಷ್ಟರಲ್ಲಿ ತೀರಿಕೊಂಡಿದ್ದರು. ಲಕ್ಕವ್ವನವರನ್ನು ಮಾತಾಡಲು ಕರೆಸಿದ್ದೆ. ಆ ಹತ್ತು ಹಕ್ಕಿಗಳಿಂದ ಹಿಂಡು ಮತ್ತೆ ಬೆಳೆದಿತ್ತು. ಅವರ ಮನೆಯ ಹೆಬ್ಬಾತು ಅಂದರೆ ಹುಕ್ಕೇರಿಯ ಕಡೆಯಿಂದಲೂ ಕೇಳಿಕೊಂಡು ಬರುತ್ತಿದ್ದರು. ಮೈಕು ಹಿಡಿಯಲು ಒಪ್ಪದೆ ಹಾಗೇ ನಿಂತು ಮಾತಾಡಿದರು. ತೌಡು ಎಲ್ಲಿಂದ ತರುತ್ತಾರೆ, ಚುನ್ನಿಯಲ್ಲಿ ಕಲ್ಲು ಹೇಗೆ ಆರಿಸುತ್ತಾರೆ, ಮರಿಗಳನ್ನು ಎಷ್ಟು ದಿನ ನೀರಿಗೆ ಇಳಿಯಗೊಡುವುದಿಲ್ಲ, ಎಲ್ಲ ಹೇಳಿದರು. ಒಬ್ಬ ಹೆಣ್ಣುಮಗಳು ಎದ್ದು, ನಿಮ್ಮಲ್ಲಿ ಎಂದಾದರೂ ಹಕ್ಕಿಗಳು ಸತ್ತಿದ್ದವೇ ಎಂದು ಕೇಳಿದಳು.

ಸತ್ತಿದ್ದವು, ನಮಗೆ ತಿಳಿಯದೆ ಆಯಿತು ಎಂದು ಲಕ್ಕವ್ವ ಶುರುಮಾಡಿದರು. ನಾನು ಎದ್ದು ನಿಂತೆ. ಅವರಿಗೆ ತಿಳಿದಿತ್ತು, ತಿಳಿಯದವನು ನಾನು ಎಂದು ಹೇಳಿ, ಇಲ್ಲಿ ಬರೆದಷ್ಟನ್ನೂ ಅಲ್ಲಿ ಹೇಳಿದೆ. ನನ್ನ ಕೈಕೆಳಗೆ ಕೆಲಸ ಮಾಡಿದ ಹುಡುಗರು ಇದ್ದರು, ಮೇಲಧಿಕಾರಿಗಳು ಇದ್ದರು. ಹೇಳಿ ಕೂತೆ.

ಲಕ್ಕವ್ವ ಸೆರಗು ಸರಿಮಾಡಿಕೊಂಡರು. "ಅವರು ಹೇಳಿದ್ದ ಖರೆ ಐತಿ," ಅಂದರು. "ನಲವತ್ತ ದಿನ ಹುಲ್ಲ ಕೊಯ್ದ ತಂದಿದ್ದೂ ಖರೆ ಐತಿ."

ಹಿಂದಿನ ಸಾಲಿನಿಂದ ಇನ್ನೊಬ್ಬಾಕೆ, ಹಾಗಾದರೆ ಮಳೆಗಾಲದಲ್ಲಿ ಶೇಂಗಾ ಹಿಂಡಿಯ ಬದಲು ಏನು ಹಾಕಬೇಕು ಎಂದು ಕೇಳಿದಳು. ಲಕ್ಕವ್ವ ಅವಳ ಕಡೆ ತಿರುಗಿ, ಸೂರ್ಯಕಾಂತಿ ಹಿಂಡಿಯನ್ನು ಹಂಚಿನ ಮೇಲೆ ಬೆಚ್ಚಗೆ ಮಾಡಿ, ದಿನಕ್ಕೆ ಬೇಕಾದಷ್ಟನ್ನೇ ಪುಡಿ ಮಾಡುವ ತಮ್ಮ ರೀತಿಯನ್ನು ಹೇಳತೊಡಗಿದರು. ನಾನು ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡೆ.